ನಮ್ಮ ಮೈಯೇ ಮಾಡೋ ವೈರಸ್ ಮದ್ದನ್ನು ಮಾತ್ರೆಯಾಗಿ ಕೊಡೋಕಾಗಲ್ವಾ?

ಪ್ರಶ್ನೆ (ಮಾನ್ವಿಯಿಂದ): ನಮಸ್ಕಾರ ಸರ್. 2022ರ ಡಿಸೆಂಬರಿನಲ್ಲಿ ರಾಜ್ಯದ ಮೊದಲ ಝೀಕಾ ವೈರಸ್ ಕೇಸು ಸಿಕ್ಕಿದ್ದು ನಮ್ಮ ರಾಯಚೂರು ಜಿಲ್ಲೆಯಲ್ಲೇ, ಅಲ್ವಾ. ನಾಲೆಗೆ ನೀರು ಬಿಟ್ಟರೆ ಸೊಳ್ಳೆ ಭಯ ಶುರು. ಝೀಕಾ ತಡೆಯೋ ವಸ್ತುವನ್ನು ನಮ್ಮ ದೇಹವೇ ಮಾಡುತ್ತದೆ ಅಂತ ಓದಿದೆ. ಅದನ್ನೇ ಮಾತ್ರೆ ಮಾಡಿದರೆ ಆಗಲ್ವಾ?

ಉತ್ತರ (ಔಷಧ ರಸಾಯನಶಾಸ್ತ್ರಜ್ಞ): ಮೊದಲು ಒಂದು ಮಾತು, ಝೀಕಾ ಸೊಳ್ಳೆ ಜಾಸ್ತಿ ಮರಿ ಹಾಕೋದು ನಾಲೆಯಲ್ಲಲ್ಲ, ಮನೆಯ ಡ್ರಮ್ಮು, ಸಿಂಟೆಕ್ಸಿನಲ್ಲಿ.

ನೀವು ಓದಿದ್ದು ಸರಿ. ವೈರಸ್ ಹೊಕ್ಕಾಗ ಜೀವಕೋಶದಲ್ಲಿ ವೈಪೆರಿನ್ ಅನ್ನೋ ಕಿಣ್ವ ತಯಾರಾಗುತ್ತದೆ. ಅದು ಸಿಟಿಪಿ ಎಂಬ ನ್ಯೂಕ್ಲಿಯೊಟೈಡನ್ನು (ಆರ್‌ಎನ್‌ಎ ಎಂಬ ವಂಶವಾಹಿ ಸರಪಳಿಯ ಒಂದು ಕೊಂಡಿ) ಸ್ವಲ್ಪ ಬದಲಿಸಿ ಡಿಡಿಎಚ್‌ಸಿಟಿಪಿ ಮಾಡುತ್ತದೆ. ವೈರಸ್ಸು ಆರ್‌ಎನ್‌ಎ ನಕಲು ಮಾಡುವಾಗ ಇದನ್ನು ಮಾಮೂಲಿ ಸಿಟಿಪಿ ಅಂತ ಸೇರಿಸಿಕೊಂಡರೆ ಮುಗೀತು, ಮುಂದಿನ ಕೊಂಡಿ ಹಿಡಿಯುವ ಹೈಡ್ರಾಕ್ಸಿಲ್ ಇದರಲ್ಲಿ ಇಲ್ಲ, ಸರಪಳಿ ಅಲ್ಲಿಗೇ ನಿಲ್ಲುತ್ತದೆ. ಇದು ಗೊತ್ತಾಗಿದ್ದು 2018ರಲ್ಲಿ.

ತೊಂದರೆ ಇರೋದು ಡಿಡಿಎಚ್‌ಸಿಟಿಪಿಯನ್ನು ಜೀವಕೋಶದ ಒಳಗೆ ಕಳಿಸೋದರಲ್ಲಿ. ಮೂರು ಫಾಸ್ಫೇಟು, ಮೈತುಂಬ ನೆಗೆಟಿವ್ ಚಾರ್ಜು, ಜೀವಕೋಶದ ಜಿಡ್ಡಿನ ಪೊರೆ ಇಂಥದ್ದನ್ನು ದಾಟಿಸುವುದಿಲ್ಲ. ಫಾಸ್ಫೇಟೇ ಇಲ್ಲದೆ ಕೊಟ್ಟರೆ ಒಳಗೇನೋ ಹೋಗುತ್ತದೆ, ಆದರೆ ಮೂರನ್ನೂ ಜೀವಕೋಶವೇ ಜೋಡಿಸಬೇಕು, ಎಷ್ಟೋ ಔಷಧಿಗಳಲ್ಲಿ ಮೊದಲನೆಯದೇ ತುಂಬಾ ನಿಧಾನ. ಅದಕ್ಕೆ ಮೊದಲ ಫಾಸ್ಫೇಟನ್ನು ಇಟ್ಟುಕೊಂಡೇ, ಅದರ ಚಾರ್ಜ್ ಮುಚ್ಚುವಂಥ ಜಿಡ್ಡಿನ ಗುಂಪುಗಳನ್ನು ಅಂಟಿಸುತ್ತಾರೆ. ಒಳಗೆ ಹೋದ ಮೇಲೆ ನಮ್ಮ ಕಿಣ್ವಗಳೇ ಅದನ್ನು ಕಳಚುತ್ತವೆ. ಇದೇ ಪ್ರೋಡ್ರಗ್. ಕಾರ್ಡಿಫ್ ವಿಶ್ವವಿದ್ಯಾಲಯದ ವಿಜ್ಞಾನಿ ಕ್ರಿಸ್ ಮೆಕ್‌ಗಿಗನ್ ಬೆಳೆಸಿದ ಪ್ರೋಟೈಡ್ ವಿಧಾನ ಇದು. 2013ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕ, ಹೆಪಟೈಟಿಸ್ ಸಿ ಮಾತ್ರೆ ಸೋಫೋಸ್‌ಬುವಿರ್ ಇದೇ ಜಾತಿಯದು. ಅದು ಕಳಚಿಕೊಳ್ಳೋದು ಲಿವರಿನಲ್ಲಿ, ವೈರಸ್ ಇರೋದೂ ಅಲ್ಲೇ. ಝೀಕಾ ಹಾಗಲ್ಲ, ಗರ್ಭಿಣಿಯ ಹೊಟ್ಟೆಯಲ್ಲಿರೋ ಕೂಸಿನ ಮೆದುಳಿಗೇ ಕೈ ಹಾಕುತ್ತದೆ. ಔಷಧಿಯನ್ನೆಲ್ಲ ಲಿವರೇ ಹಿಡಿದುಕೊಂಡರೆ ಅಲ್ಲಿಗೆ ತಲುಪೋದೇನು? ನನಗೆ ಇದೇ ದೊಡ್ಡ ಗಂಟು ಅನಿಸುತ್ತದೆ. ಗರ್ಭಿಣಿಗೆ ಕೊಡೋದಾದರೆ ಕೂಸಿಗೆ ತೊಂದರೆ ಇಲ್ಲ ಅಂತಲೂ ಸಾಬೀತಾಗಬೇಕು.

ಪ್ರಶ್ನೆ (ಲಿಂಗಸೂಗೂರಿನಿಂದ): ಡೆಂಗ್ಯೂಗೂ ನಡೆಯುತ್ತಾ ಸರ್? ನಮ್ಮ ಕಾಕಾಗೆ ಈಗ ಡೆಂಗ್ಯೂ ಬಂದಿದೆ. ಆ ಸೋಫೋಸ್‌ಬುವಿರ್ ತಂದು ಕೊಡಲಾ?

ಉತ್ತರ: ಬೇಡ್ರಿ, ದಯವಿಟ್ಟು ಬೇಡ. ಪ್ರಯೋಗಾಲಯದಲ್ಲಿ ಡಿಡಿಎಚ್‌ಸಿಟಿಪಿ ಡೆಂಗ್ಯೂವಿನ ಪಾಲಿಮರೇಸನ್ನೂ (ಆರ್‌ಎನ್‌ಎ ನಕಲು ಮಾಡೋ ಕಿಣ್ವ) ತಡೆಯಿತು, ನಿಜ. ಪೋಲಿಯೊ ವೈರಸ್ಸಿನದನ್ನು ತಡೆಯಲಿಲ್ಲ, ಅಂದರೆ ಎಲ್ಲ ವೈರಸ್ಸಿಗೂ ಮದ್ದಲ್ಲ. ಸೋಫೋಸ್‌ಬುವಿರ್ ಡೆಂಗ್ಯೂ ಔಷಧಿಯೇ ಅಲ್ಲ. ಕಾಕಾಗೆ ಜ್ವರಕ್ಕೆ ಪ್ಯಾರಸಿಟಮಾಲ್, ಜಾಸ್ತಿ ನೀರು, ಓಆರ್‌ಎಸ್. ಬ್ರೂಫೆನ್, ಆಸ್ಪಿರಿನ್ ಮುಟ್ಟಬೇಡಿ, ರಕ್ತಸ್ರಾವ ಆಗಬಹುದು. ಜ್ವರ ಇಳೀತು ಅಂತ ಸುಮ್ನೆ ಕೂರಬೇಡಿ, ಹೊಟ್ಟೆನೋವು, ಮೇಲಿಂದ ಮೇಲೆ ವಾಂತಿ, ವಸಡಿನಲ್ಲಿ ರಕ್ತ ಕಂಡರೆ ಆಗಲೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ.