ಗ್ರಂಥಾಲಯದ ಕಂಪ್ಯೂಟರಿನ ಅಡ್ಮಿನ್ ಪಾಸ್‌ವರ್ಡ್ ಯಾರಿಗೂ ಗೊತ್ತಿಲ್ಲ, ಏನು ಮಾಡೋದು?

ಕೇಳಿದವರು: ಗ್ರಾಮ ಪಂಚಾಯಿತಿ ಗ್ರಂಥಾಲಯದ ಮೇಲ್ವಿಚಾರಕಿ

ನಾನು ಚಾರ್ಜ್ ತೆಗೆದುಕೊಂಡು ನಾಲ್ಕು ತಿಂಗಳಾಯಿತು. ನಮ್ಮಲ್ಲಿ ನಾಲ್ಕು ಕಂಪ್ಯೂಟರ್ ಇವೆ, ಎಲ್ಲವೂ ವಿಂಡೋಸ್ 10. ಆನ್ ಮಾಡಿದರೆ 'ಸ್ಟೂಡೆಂಟ್' ಅನ್ನೋ ಅಕೌಂಟ್ ನೇರವಾಗಿ ತೆರೆಯುತ್ತದೆ. ಕನ್ನಡ ಟೈಪಿಂಗಿನ 'ನುಡಿ' ಸಾಫ್ಟ್‌ವೇರ್ ಹಾಕೋಣ ಅಂದರೆ ಅಡ್ಮಿನ್ ಪಾಸ್‌ವರ್ಡ್ ಕೇಳುತ್ತದೆ. ಒಂದು ಮಷಿನ್‌ನಲ್ಲಿ ತಾರೀಕು ದಿನಾ ಬೆಳಗ್ಗೆ ಹಳೇ ವರ್ಷಕ್ಕೆ ಹೋಗಿರುತ್ತದೆ. ಆಗ ಸ್ಕಾಲರ್‌ಶಿಪ್ ವೆಬ್‌ಸೈಟೂ ತೆರೆಯುವುದಿಲ್ಲ. ತಾರೀಕು ಸರಿಮಾಡಲು ಹೋದರೆ ಅದಕ್ಕೂ ಪಾಸ್‌ವರ್ಡ್ ಬೇಕಂತೆ. ಮೊದಲಿದ್ದ ಮೇಲ್ವಿಚಾರಕರು ನಿವೃತ್ತರಾಗಿದ್ದಾರೆ. ಕಂಪ್ಯೂಟರ್ ಹಾಕಿಕೊಟ್ಟ ಅಂಗಡಿ ಈಗ ಇಲ್ಲ. ಮಕ್ಕಳು ಬಂದು ವಾಪಸ್ ಹೋಗುವುದನ್ನು ನೋಡಲು ಆಗುತ್ತಿಲ್ಲ. ಯಾರಿಗಾದರೂ ಹೀಗಾಗಿತ್ತಾ? ಹೇಗೆ ಬಿಡಿಸಿಕೊಂಡಿರಿ?

ಉತ್ತರ: ತಾಲ್ಲೂಕು ಕೇಂದ್ರದಲ್ಲಿ ಕಂಪ್ಯೂಟರ್ ರಿಪೇರಿ ಮಾಡುವವರು

ಮೇಡಂ, ಇದು ನಿಮ್ಮೊಬ್ಬರ ಕಥೆ ಅಲ್ಲ. ಶಾಲೆ, ಸೊಸೈಟಿ, ಗ್ರಂಥಾಲಯ ಅಂತ ವರ್ಷಕ್ಕೆ ಹತ್ತಾರು ಮಷಿನ್ ಹೀಗೇ ನನ್ನ ಕೈಗೆ ಬರುತ್ತವೆ. ಆದರೆ ಮಷಿನ್ ಮುಟ್ಟುವ ಮೊದಲು ಒಂದು ಕಾಗದದ ಕೆಲಸ ಮಾಡಿಕೊಳ್ಳಿ. ಪಿಡಿಒ ಅವರಿಗೆ ಒಂದು ಪತ್ರ ಬರೆಯಿರಿ. ಅದರಲ್ಲಿ ಮಷಿನ್‌ಗಳ ಸೀರಿಯಲ್ ನಂಬರ್ ಹಾಕಿ, ಪಾಸ್‌ವರ್ಡ್ ಸಿಗದೆ ಏನೇನು ನಿಂತಿದೆ ಅಂತ ಬರೆಯಿರಿ. ತೆಗೆಸಲು ಒಪ್ಪಿಗೆ ಕೇಳಿ, ಸಹಿ ಮತ್ತು ಸೀಲು ಹಾಕಿಸಿಕೊಳ್ಳಿ. ಕಂಪ್ಯೂಟರ್ ಪಂಚಾಯಿತಿಯ ಆಸ್ತಿ, ನಿಮ್ಮದೂ ಅಲ್ಲ, ನನ್ನದೂ ಅಲ್ಲ. ಮಾಲೀಕರ ಒಪ್ಪಿಗೆ ಇಲ್ಲದೆ, ಮೋಸದ ಅಥವಾ ಅಪ್ರಾಮಾಣಿಕ ಉದ್ದೇಶದಿಂದ ಕಂಪ್ಯೂಟರಿನೊಳಗೆ ನುಗ್ಗಿದರೆ 2000ದ ಐಟಿ ಕಾಯ್ದೆಯ 66ನೇ ಸೆಕ್ಷನ್ ಪ್ರಕಾರ ಮೂರು ವರ್ಷದವರೆಗೆ ಜೈಲು, ಐದು ಲಕ್ಷದವರೆಗೆ ದಂಡ ಅಥವಾ ಎರಡೂ ಆಗಬಹುದು. ನಿಮಗೆ ಹಾಗಾಗುತ್ತದೆ ಅಂತ ಹೆದರಿಸುತ್ತಿಲ್ಲ. ನಾಳೆ ಯಾರಾದರೂ 'ಫೈಲ್ ಎಲ್ಲಿ ಹೋಯ್ತು' ಅಂತ ಕೇಳಿದಾಗ ಆ ಒಂದು ಹಾಳೆ ನಿಮ್ಮನ್ನು ಕಾಯುತ್ತದೆ. ನಾನಂತೂ ಆ ಪತ್ರ ಇಲ್ಲದೆ ಸರ್ಕಾರಿ ಮಷಿನ್ ಬಿಚ್ಚುವುದೇ ಇಲ್ಲ.

ತಾರೀಕಿನ ತೊಂದರೆಗೆ ಅಡ್ಮಿನ್ ಪಾಸ್‌ವರ್ಡೇ ಬೇಕಾಗಿಲ್ಲ. ಮದರ್‌ಬೋರ್ಡ್ (ಒಳಗಿನ ಮುಖ್ಯ ಬೋರ್ಡ್) ಮೇಲೆ ಒಂದು ಬಿಲ್ಲೆ ಬ್ಯಾಟರಿ ಇರುತ್ತದೆ, ಹೆಚ್ಚಿನ ಮಷಿನ್‌ಗಳಲ್ಲಿ ಅದು ಸಿಆರ್ 2032. ವಾಚ್ ಅಂಗಡಿಯಲ್ಲೂ ಸಿಗುತ್ತದೆ. ಅದು ಸತ್ತರೆ ಕರೆಂಟ್ ಹೋದಾಗ ಗಡಿಯಾರ ಹಿಂದಕ್ಕೆ ಹೋಗುತ್ತದೆ. ವೆಬ್‌ಸೈಟಿನ ಭದ್ರತಾ ಸರ್ಟಿಫಿಕೇಟಿಗೆ ಇಂಥ ದಿನದಿಂದ ಇಂಥ ದಿನದವರೆಗೆ ಅಂತ ಅವಧಿ ಇರುತ್ತದೆ. ನಿಮ್ಮ ಮಷಿನ್ ಹಳೇ ವರ್ಷದಲ್ಲಿ ನಿಂತಿದ್ದರೆ ಬ್ರೌಸರ್ ಅದನ್ನು ಒಪ್ಪುವುದಿಲ್ಲ, ಸೈಟ್ ತೆರೆಯುವುದಿಲ್ಲ. ಮೊದಲು ಸಿ ಡ್ರೈವ್ ಮೇಲೆ ಬೀಗದ ಚಿತ್ರ ಇಲ್ಲ ಅಂತ ನೋಡಿಕೊಳ್ಳಿ, ಯಾಕೆ ಅಂತ ಕೆಳಗೆ ಹೇಳಿದ್ದೇನೆ. ಆಮೇಲೆ ಬ್ಯಾಟರಿ ಬದಲಿಸಿ, ಆನ್ ಮಾಡಿದ ತಕ್ಷಣ ಎಫ್2 ಅಥವಾ ಡಿಲೀಟ್ ಕೀ ಒತ್ತಿ ಬಯೋಸ್‌ಗೆ (ವಿಂಡೋಸ್‌ಗಿಂತ ಮೊದಲು ಬರುವ ಸೆಟ್ಟಿಂಗ್ ತೆರೆಗೆ) ಹೋಗಿ, ಅಲ್ಲೇ ತಾರೀಕು ಮತ್ತು ಟೈಮ್ ಹಾಕಿ ಸೇವ್ ಮಾಡಿ. ಬಯೋಸ್‌ಗೆ ಪಾಸ್‌ವರ್ಡ್ ಇಲ್ಲದಿದ್ದರೆ ಹತ್ತು ನಿಮಿಷದ ಕೆಲಸ. ಹೀಗಾಗಿ ಒಂದು ಮಷಿನ್ ನಾಳೆಯೇ ಮಕ್ಕಳಿಗೆ ಸಿಗುತ್ತದೆ.

ಮುಂದಿನದು, ಹಳೇ ಮೇಲ್ವಿಚಾರಕರನ್ನು ಹುಡುಕಿಕೊಂಡು ಹೋಗಿ. ಫೋನ್ ಮಾಡಿದರೆ ಸಾಲದು, ಮನೆಗೇ ಹೋಗಿ. ನನ್ನ ಅನುಭವ ಹೇಳುತ್ತೇನೆ ಕೇಳಿ. ಹೀಗೇ ಒಂದು ಗ್ರಂಥಾಲಯದ ಮಷಿನ್ ಬಂದಿತ್ತು. ತಪ್ಪು ಪಾಸ್‌ವರ್ಡ್ ಹಾಕಿದಾಗ ಕೆಳಗೆ ಸುಳಿವು ಬರುತ್ತದಲ್ಲ, ಅಲ್ಲಿ 'ದೇವರು' ಅಂತ ಇಂಗ್ಲಿಷ್ ಅಕ್ಷರದಲ್ಲಿತ್ತು. ನಿವೃತ್ತರಾದ ಮೇಷ್ಟ್ರಿಗೆ ಫೋನ್ ಮಾಡಿದೆ. 'ಬಸವ ಅಂತ ಇಟ್ಟಿದ್ದೆ ಕಣಪ್ಪ' ಅಂದರು. ಹಾಕಿದೆವು, ಆಗಲಿಲ್ಲ. ದೊಡ್ಡಕ್ಷರ, ಚಿಕ್ಕಕ್ಷರ, ಕೊನೆಗೆ ಒಂದು ಎರಡು ಮೂರು, ಯಾವುದಕ್ಕೂ ತೆರೆಯಲಿಲ್ಲ. ಕೊನೆಗೆ ಒಂದು ಕೀಬೋರ್ಡ್ ಚೀಲಕ್ಕೆ ಹಾಕಿಕೊಂಡು ಅವರ ಮನೆಗೆ ಹೋದೆ. ಜಗಲಿ ಮೇಲೆ ಕೂತಿದ್ದರು. ಕೀಬೋರ್ಡನ್ನು ತೊಡೆ ಮೇಲಿಟ್ಟು 'ಸುಮ್ನೆ ಒತ್ತಿ ತೋರಿಸಿ ಸರ್' ಅಂದೆ. ಕನ್ನಡಕ ಹಾಕಿಕೊಂಡು ಮೂರೇ ಮೂರು ಕೀ ಒತ್ತಿದರು. ಬಿ, ಎಸ್, ವಿ. ಅಷ್ಟೆ. ಅವರು ಇಪ್ಪತ್ತು ವರ್ಷ ನುಡಿಯಲ್ಲಿ ಟೈಪ್ ಮಾಡಿದವರು. ನುಡಿಯಲ್ಲಿ ಬಸವ ಬರೆಯಲು ನಡುವೆ ಇಂಗ್ಲಿಷಿನ 'ಎ' ಕೀ ಒತ್ತುವುದೇ ಇಲ್ಲವಲ್ಲ! ಬಾಯಲ್ಲಿ ಬಸವ ಅಂದರು, ಬೆರಳಿಗೆ ಬೇರೆಯೇ ಗೊತ್ತಿತ್ತು. ಅವತ್ತಿನಿಂದ ನಾನು ಪಾಸ್‌ವರ್ಡ್ ಏನು ಅಂತ ಕೇಳುವುದನ್ನೇ ಬಿಟ್ಟಿದ್ದೇನೆ. ಕೀಬೋರ್ಡ್ ಕೊಡುತ್ತೇನೆ.

ಹಾಗೂ ಸಿಗದಿದ್ದರೆ ಲಾಗಿನ್ ತೆರೆಯಲ್ಲಿ ಅಡ್ಮಿನ್ ಹೆಸರಿನ ಕೆಳಗೆ ಏನಿದೆ ನೋಡಿ. ಇಮೇಲ್ ವಿಳಾಸ ಕಂಡರೆ ಅದು ಮೈಕ್ರೋಸಾಫ್ಟ್ ಅಕೌಂಟ್. ಅದರ ಪಾಸ್‌ವರ್ಡನ್ನು ಯಾವ ಫೋನಿನಿಂದ ಬೇಕಾದರೂ ಮೈಕ್ರೋಸಾಫ್ಟ್ ಸೈಟಿಗೆ ಹೋಗಿ ಬದಲಿಸಬಹುದು. ಆದರೆ ಒಟಿಪಿ ಹಳಬರ ನಂಬರಿಗೋ ಇಮೇಲಿಗೋ ಹೋಗುತ್ತದೆ, ಅವರು ಪಕ್ಕದಲ್ಲಿರಬೇಕು. ಬರೀ ಹೆಸರಿದ್ದರೆ ಲೋಕಲ್ ಅಕೌಂಟ್, ಅಂದರೆ ಆ ಮಷಿನ್‌ಗೆ ಮಾತ್ರ ಸೇರಿದ್ದು, ಇರಬಹುದು. ವಿಂಡೋಸ್ 10ಕ್ಕೆ 2018ರಲ್ಲಿ ಬಂದ ಒಂದು ಅಪ್‌ಡೇಟ್‌ನಿಂದ ಲೋಕಲ್ ಅಕೌಂಟಿಗೂ ಮೂರು ಭದ್ರತಾ ಪ್ರಶ್ನೆ ಇಡುವ ಅನುಕೂಲ ಬಂತು. ತಪ್ಪು ಪಾಸ್‌ವರ್ಡ್ ಹಾಕಿದ ಮೇಲೆ 'ರೀಸೆಟ್ ಪಾಸ್‌ವರ್ಡ್' ಅಂತ ಕಂಡರೆ ಆ ಪ್ರಶ್ನೆಗಳು ಬರುತ್ತವೆ. ಮೊದಲ ಸಾಕುಪ್ರಾಣಿಯ ಹೆಸರೇನು, ಹುಟ್ಟಿದ ಊರು ಯಾವುದು, ಇಂಥವು. ಇದನ್ನೂ ಅದೇ ಜಗಲಿಯಲ್ಲಿ ಕೂತು ಕೇಳಿಕೊಂಡು ಬರಬಹುದು.

ಯೂಟ್ಯೂಬ್ ನೋಡಿ ಪಾಸ್‌ವರ್ಡ್ ಮುರಿಯುವ ಸಾಫ್ಟ್‌ವೇರ್ ಮಾತ್ರ ಇಳಿಸಬೇಡಿ. ಎಲ್ಲಿಂದಲೋ ಬಂದ ಫೈಲು, ಒಳಗೆ ಏನಿದೆ ಯಾರಿಗೆ ಗೊತ್ತು? ಅದೇ ಮಷಿನ್‌ನಲ್ಲಿ ಮಕ್ಕಳು ಆಧಾರ್ ನಂಬರ್, ಬ್ಯಾಂಕ್ ಪಾಸ್‌ಬುಕ್ ಅಪ್‌ಲೋಡ್ ಮಾಡುತ್ತಾರೆ.

ಯಾವುದೂ ಆಗದಿದ್ದರೆ ವಿಂಡೋಸ್ ಹೊಸದಾಗಿ ಹಾಕುವುದೇ ನೇರ ದಾರಿ. ನನ್ನ ಕೇಳಿದರೆ ಸಾರ್ವಜನಿಕರು ಬಳಸುವ ಮಷಿನ್‌ಗೆ ಅದೇ ಒಳ್ಳೆಯದು, ಹಳೇ ಕಸವೂ ಹೋಗುತ್ತದೆ. ಮೊದಲು 'ದಿಸ್ ಪಿಸಿ' ತೆರೆದು ಸಿ ಡ್ರೈವ್ ಮೇಲೆ ಬೀಗದ ಚಿತ್ರ ಇದೆಯಾ ನೋಡಿ. ಇದ್ದರೆ ಬಿಟ್‌ಲಾಕರ್, ಅಂದರೆ ಡಿಸ್ಕಿಗೆ ವಿಂಡೋಸ್ ಹಾಕುವ ಬೀಗ, ಆನ್ ಇದೆ. ಆಗ 48 ಅಂಕಿಯ ರಿಕವರಿ ಕೀ ಇಲ್ಲದೆ ಬಯೋಸ್‌ನಲ್ಲಿ ಏನನ್ನೂ ಬದಲಿಸಬೇಡಿ, ಬ್ಯಾಟರಿಯನ್ನೂ ತೆಗೆಯಬೇಡಿ. ಮುಂದಿನ ಸಲ ಆನ್ ಮಾಡಿದಾಗ ಆ ಕೀ ಕೇಳಬಹುದು. ಬೀಗ ಇಲ್ಲದಿದ್ದರೆ ಉಬುಂಟು (ವಿಂಡೋಸ್ ಬದಲು ಬಳಸುವ ಉಚಿತ ಲಿನಕ್ಸ್ ವ್ಯವಸ್ಥೆ) ಹಾಕಿದ ಪೆನ್‌ಡ್ರೈವ್‌ನಿಂದ ಮಷಿನ್ ಶುರು ಮಾಡಿ, ಬೇಕಾದ ಫೈಲ್‌ಗಳನ್ನು ಬೇರೆ ಡಿಸ್ಕಿಗೆ ಕಾಪಿ ಮಾಡಿಕೊಳ್ಳಿ. ಲಾಗಿನ್ ತೆರೆಯಲ್ಲಿ ಶಿಫ್ಟ್ ಹಿಡಿದು ರೀಸ್ಟಾರ್ಟ್ ಒತ್ತಿದರೆ 'ರೀಸೆಟ್ ದಿಸ್ ಪಿಸಿ' ಸಿಗುತ್ತದೆ. ಅಲ್ಲಿ 'ಕೀಪ್ ಮೈ ಫೈಲ್ಸ್' ಆರಿಸಿದರೆ ಮತ್ತೆ ಅಡ್ಮಿನ್ ಪಾಸ್‌ವರ್ಡೇ ಕೇಳುತ್ತದೆ, ಅದನ್ನು ನಂಬಿಕೊಂಡು ಕೂರಬೇಡಿ. 'ರಿಮೂವ್ ಎವ್ರಿಥಿಂಗ್' ಎಲ್ಲವನ್ನೂ ಅಳಿಸುತ್ತದೆ. ಅದಕ್ಕೇ ಕಾಪಿ ಮೊದಲು ಅಂದಿದ್ದು. ಇಲ್ಲವೇ ಮೈಕ್ರೋಸಾಫ್ಟ್ ಸೈಟಿನಿಂದ 8 ಜಿಬಿ ಪೆನ್‌ಡ್ರೈವ್‌ಗೆ ವಿಂಡೋಸ್ ಇಳಿಸಿಕೊಂಡು ಹಾಕಿ. ಮಷಿನ್ ಅಸಲಿ ವಿಂಡೋಸ್ ಜೊತೆ ಬಂದಿದ್ದರೆ ಲೈಸೆನ್ಸ್ ಆ ಮದರ್‌ಬೋರ್ಡಿಗೆ ಕಟ್ಟಿಕೊಂಡಿರುತ್ತದೆ. ಅದೇ ಎಡಿಷನ್ (ಹೋಮ್ ಇದ್ದರೆ ಹೋಮ್, ಪ್ರೊ ಇದ್ದರೆ ಪ್ರೊ) ಹಾಕಿ ಇಂಟರ್ನೆಟ್ ಕೊಟ್ಟರೆ ತಾನಾಗೇ ಆಕ್ಟಿವೇಟ್ ಆಗುತ್ತದೆ, ಹೊಸ ಕೀ ಕೊಳ್ಳಬೇಕಿಲ್ಲ.

ಇನ್ನೊಂದು ವಿಷಯ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ವಿಂಡೋಸ್ 11 ಹಾಕಬೇಕಾದರೆ ಟಿಪಿಎಂ 2.0 ಅನ್ನುವ ಭದ್ರತಾ ಚಿಪ್ ಇರಬೇಕು. ಇಂಟೆಲ್ ಆದರೆ ಹೆಚ್ಚುಕಮ್ಮಿ ಎಂಟನೇ ತಲೆಮಾರು ಅಥವಾ ಅದಕ್ಕಿಂತ ಹೊಸ ಪ್ರೊಸೆಸರ್ ಬೇಕು. ಹೇಗಿದ್ದರೂ ಹೊಸದಾಗಿ ಹಾಕುತ್ತೀರಿ, ಇದನ್ನೂ ನೋಡಿಕೊಂಡೇ ಹಾಕಿ.

ಉತ್ತರ: ಪದವಿ ಕಾಲೇಜಿನ ಲ್ಯಾಬ್ ಸಹಾಯಕರು

ಮೇಲಿನವರು ಹೇಳಿದ್ದೆಲ್ಲ ಸರಿ. ಒಂದನ್ನು ಸೇರಿಸುತ್ತೇನೆ. ಕೆಳಗೆ ಗಡಿಯಾರದ ಪಕ್ಕ ಸಣ್ಣ ಬಿಳಿ ಕರಡಿಯ ಚಿತ್ರ ಇದೆಯಾ ನೋಡಿ ಅಕ್ಕಾ. ಇದ್ದರೆ ಡೀಪ್ ಫ್ರೀಜ್ ಹಾಕಿದ್ದಾರೆ ಅಂತ ಅರ್ಥ. ಸೈಬರ್ ಸೆಂಟರ್, ಲ್ಯಾಬ್‌ಗಳಲ್ಲಿ ಅದನ್ನು ಹಾಕುವುದು ಮಾಮೂಲು. ಮಕ್ಕಳು ಏನೇ ಕೆಡಿಸಿದರೂ ರೀಸ್ಟಾರ್ಟ್ ಮಾಡಿದರೆ ಮಷಿನ್ ಮೊದಲಿನ ಸ್ಥಿತಿಗೆ ಬರುತ್ತದೆ.

ನಮ್ಮ ಲ್ಯಾಬ್‌ನಲ್ಲಿ ನನಗೆ ಅಡ್ಮಿನ್ ಪಾಸ್‌ವರ್ಡ್ ಸಿಕ್ಕಿತ್ತು. ಸಂಜೆ ಕೂತು ಹದಿನಾರು ಮಷಿನ್‌ಗೂ ಹೊಸ ಪಾಸ್‌ವರ್ಡ್ ಇಟ್ಟೆ, ನುಡಿ ಹಾಕಿದೆ, ಪ್ರಿಂಟರ್ ಸೇರಿಸಿದೆ. ಬೆಳಗ್ಗೆ ಬಂದು ನೋಡಿದರೆ ಹದಿನಾರರಲ್ಲೂ ಏನೂ ಇಲ್ಲ, ಹಳೇ ಪಾಸ್‌ವರ್ಡೇ ವಾಪಸ್ ಬಂದಿತ್ತು. ನನ್ನ ತಲೆಯೇ ಕೆಟ್ಟಿತು ಅಂದುಕೊಂಡೆ. ಎರಡು ದಿನ ಹೀಗೇ ಆದ ಮೇಲೆ ಆ ಕರಡಿ ಕಣ್ಣಿಗೆ ಬಿತ್ತು. ಶಿಫ್ಟ್ ಹಿಡಿದು ಅದರ ಮೇಲೆ ಎರಡು ಸಲ ಒತ್ತಿದರೆ ಅದರದ್ದೇ ಬೇರೆ ಪಾಸ್‌ವರ್ಡ್ ಕೇಳುತ್ತದೆ. ಅದನ್ನು ಕೊಟ್ಟು 'ಥಾಡ್' ಮಾಡಿ ರೀಸ್ಟಾರ್ಟ್ ಮಾಡಿದ ಮೇಲೆಯೇ ನೀವು ಮಾಡಿದ ಬದಲಾವಣೆ ಉಳಿಯುವುದು. ಎಲ್ಲ ಮುಗಿದ ಮೇಲೆ ಮತ್ತೆ 'ಫ್ರೋಜನ್' ಮಾಡಿ.

ಆ ಪಾಸ್‌ವರ್ಡೂ ಇಲ್ಲದಿದ್ದರೆ ಕೊಂಡ ಬಿಲ್ ಮತ್ತು ಲೈಸೆನ್ಸ್ ನಂಬರ್ ಹುಡುಕಿ, ಅದನ್ನು ಮಾಡಿದ ಕಂಪನಿಯ ಸಹಾಯ ವಿಭಾಗಕ್ಕೆ ಬರೆಯಿರಿ. ನಮಗೆ ಬಿಲ್ ಸಿಗಲಿಲ್ಲ. ಡಿಸ್ಕ್ ಪೂರ್ತಿ ಅಳಿಸಿ ಹೊಸದಾಗಿ ಹಾಕಿದೆವು, ಮೂರು ದಿನ ಹಿಡಿಯಿತು.

ಇನ್ನು, ಬಯೋಸ್‌ಗೇ ಪಾಸ್‌ವರ್ಡ್ ಇದ್ದರೆ ಹಳೇ ಡೆಸ್ಕ್‌ಟಾಪ್‌ಗಳಲ್ಲಿ ಬಿಲ್ಲೆ ಬ್ಯಾಟರಿ ತೆಗೆದರೆ ಅಥವಾ ಬೋರ್ಡ್ ಮೇಲಿನ ಜಂಪರ್ (ಪಿನ್‌ಗಳಿಗೆ ಸಿಕ್ಕಿಸುವ ಸಣ್ಣ ಕ್ಲಿಪ್) ಬದಲಿಸಿದರೆ ಹೋಗುವುದುಂಟು. ಈಚಿನ ಲ್ಯಾಪ್‌ಟಾಪ್‌ಗಳಲ್ಲಿ ಹಾಗಾಗುವುದಿಲ್ಲ. ಬಿಲ್ ಹಿಡಿದುಕೊಂಡು ಆ ಕಂಪನಿಯ ಸರ್ವಿಸ್ ಸೆಂಟರಿಗೇ ಹೋಗಬೇಕು.

ಉತ್ತರ: ಕಾಸರಗೋಡಿನ ಕನ್ನಡ ಮಾಧ್ಯಮ ಶಾಲೆಯ ಶಿಕ್ಷಕಿ

ನಮ್ಮ ಕಡೆ ಶಾಲೆಗಳಲ್ಲಿ ಕೇರಳದ 'ಕೈಟ್' ಸಂಸ್ಥೆ ಕೊಡುವ ಉಬುಂಟು ಆಧಾರಿತ ಲಿನಕ್ಸ್ ಇರುವುದು. ಯಾರಿಗಾದರೂ ಉಬುಂಟು ಮಷಿನ್‌ನಲ್ಲಿ ಹೀಗಾದರೆ ಉಪಯೋಗಕ್ಕೆ ಬರಲಿ ಅಂತ ಬರೆಯುತ್ತಿದ್ದೇನೆ. ಹೆಡ್‌ಮಾಸ್ಟರ ಒಪ್ಪಿಗೆ ಪಡೆದೇ ಮಾಡಿದೆ. ಆನ್ ಮಾಡುವಾಗ ಶಿಫ್ಟ್ ಒತ್ತಿ ಹಿಡಿದರೆ, ಹೊಸ ಮಷಿನ್ ಆದರೆ ಎಸ್ಕೇಪ್ ಒತ್ತಿದರೆ, ಗ್ರಬ್ ಮೆನು, ಅಂದರೆ ಮಷಿನ್ ಹೇಗೆ ಶುರುವಾಗಬೇಕು ಅಂತ ಆರಿಸುವ ಪಟ್ಟಿ, ಬರುತ್ತದೆ. 'ಅಡ್ವಾನ್ಸ್ಡ್ ಆಪ್ಷನ್ಸ್', ಅದರೊಳಗೆ 'ರಿಕವರಿ ಮೋಡ್', ಅಲ್ಲಿ 'ರೂಟ್'. ಡಿಸ್ಕ್ 'ರೀಡ್ ಓನ್ಲಿ' ಆಗಿದ್ದರೆ ಮೊದಲು 'mount -o remount,rw /' ಅಂತ ಕೊಡಬೇಕು. ಆಮೇಲೆ 'ಪಾಸ್‌ವಡ್' ಅನ್ನುವ ಆದೇಶ. ಅದಕ್ಕೆ ಡಬ್ಲ್ಯೂ ಆದ ಮೇಲೆ ನೇರ ಡಿ, ನಡುವೆ ಓ, ಆರ್ ಇಲ್ಲ. ಒಂದು ಜಾಗ ಬಿಟ್ಟು ಅಕೌಂಟಿನ ಹೆಸರು ಕೊಟ್ಟರೆ ಹೊಸ ಪಾಸ್‌ವರ್ಡ್ ಕೇಳುತ್ತದೆ.

ಟೈಪ್ ಮಾಡುವಾಗ ತೆರೆ ಮೇಲೆ ಚುಕ್ಕಿಯೂ ಬರುವುದಿಲ್ಲ, ನಕ್ಷತ್ರವೂ ಬರುವುದಿಲ್ಲ. ಕೀಬೋರ್ಡ್ ಕೆಟ್ಟಿದೆ ಅಂತ ನಾನು ಬೇರೆ ಕೀಬೋರ್ಡ್ ತಂದು ಜೋಡಿಸಿದ್ದೆ. ಹೆದರದೆ ಟೈಪ್ ಮಾಡಿ ಎಂಟರ್ ಒತ್ತಿ. ಆಮೇಲೆ ಲಾಗಿನ್ ಆದಾಗ 'ಕೀರಿಂಗ್' (ಉಳಿಸಿದ ಪಾಸ್‌ವರ್ಡ್‌ಗಳನ್ನು ಇಡುವ ಜಾಗ) ಅಂತ ಹಳೇ ಪಾಸ್‌ವರ್ಡ್ ಕೇಳಬಹುದು. ಬ್ರೌಸರಿನಲ್ಲಿ ಉಳಿಸಿದ್ದ ಪಾಸ್‌ವರ್ಡ್‌ಗಳು ಹೋಗಬಹುದು, ಉಳಿದ ಫೈಲ್‌ಗಳಿಗೆ ಏನೂ ಆಗುವುದಿಲ್ಲ. ಡಿಸ್ಕ್ ಎನ್‌ಕ್ರಿಪ್ಟ್ ಆಗಿದ್ದರೆ (ಬಿಟ್‌ಲಾಕರ್‌ನಂತೆ ಡಿಸ್ಕಿಗೇ ಬೀಗ ಹಾಕಿದ್ದರೆ) ಮಾತ್ರ ಈ ದಾರಿ ನಡೆಯುವುದಿಲ್ಲ.

ಉತ್ತರ: ನಿವೃತ್ತ ಗ್ರಂಥಪಾಲಕಿ

ನೋಡಮ್ಮಾ, ಬಾಗಿಲು ತೆರೆದ ಮೇಲೆ ಮಾಡಬೇಕಾದ್ದನ್ನು ನಾನು ಹೇಳುತ್ತೇನೆ. ಬೀರುವಿನ ಕೀಲಿಕೈಯನ್ನು ಚಾರ್ಜ್ ಪಟ್ಟಿಯಲ್ಲಿ ಬರೆಯುತ್ತೇವೆ. ಸ್ಟಾಂಪ್ ಪ್ಯಾಡನ್ನೂ ಬರೆಯುತ್ತೇವೆ. ಪಾಸ್‌ವರ್ಡನ್ನು ಮಾತ್ರ ಯಾರೂ ಬರೆಯುವುದಿಲ್ಲ. ನಾನು ನಿವೃತ್ತಳಾಗುವ ಮುಂಚೆ ಮಷಿನ್‌ಗೊಂದು ಲಕೋಟೆ ಮಾಡಿದೆ. ಒಳಗೆ ಅಕೌಂಟಿನ ಹೆಸರು, ಪಾಸ್‌ವರ್ಡ್, ದೊಡ್ಡಕ್ಷರ ಯಾವುದು ಚಿಕ್ಕಕ್ಷರ ಯಾವುದು, ಭದ್ರತಾ ಪ್ರಶ್ನೆಯ ಉತ್ತರ. ಲಕೋಟೆ ಅಂಟಿಸಿ, ಅಂಟಿದ ಜಾಗದ ಮೇಲೆ ಸಹಿ ಹಾಕಿ ಮೇಲಧಿಕಾರಿಯ ಬೀರುವಿನಲ್ಲಿ ಇಟ್ಟೆ. ದಾಸ್ತಾನು ವಹಿಯಲ್ಲಿ 'ಲಕೋಟೆ 6' ಅಂತ ನಮೂದಿಸಿದೆ. ಪಾಸ್‌ವರ್ಡ್ ಬದಲಿಸಿದರೆ ಹೊಸ ಲಕೋಟೆ, ಹಳೆಯದನ್ನು ಹರಿದು ಹಾಕುವುದು.

ಅಡ್ಮಿನ್ ಅಕೌಂಟ್ ಎರಡು ಇಡು, ಒಂದು ನಿನಗೆ, ಒಂದು ಪಂಚಾಯಿತಿಗೆ. ಮಕ್ಕಳಿಗೆ ಈಗಿರುವ ಸಾದಾ ಅಕೌಂಟೇ ಇರಲಿ. ಬೀಗ ಕಷ್ಟ ಕೊಟ್ಟಿತು ಅಂತ ಬೀಗವನ್ನೇ ತೆಗೆದುಬಿಡಬೇಡ.

ಕೇಳಿದವರು, ಹನ್ನೆರಡು ದಿನದ ನಂತರ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಪಿಡಿಒ ಮೇಡಂ ಅದೇ ದಿನ ಸಹಿ ಮಾಡಿಕೊಟ್ಟರು. ಬ್ಯಾಟರಿ ಹಾಕಿದ ಮಷಿನ್‌ನಲ್ಲಿ ಮರುದಿನವೇ ಏಳು ಮಕ್ಕಳು ಸ್ಕಾಲರ್‌ಶಿಪ್ ಅರ್ಜಿ ತುಂಬಿದರು. ನಾನೂ ಕೀಬೋರ್ಡ್ ತೆಗೆದುಕೊಂಡು ಹಳೇ ಮೇಲ್ವಿಚಾರಕರ ಮನೆಗೆ ಹೋದೆ ಸರ್. ಅವರಿಗೆ ನೆನಪಾಗಲಿಲ್ಲ. ಆದರೆ ಅವರ ಹೆಂಡತಿ ಒಳಗಿನಿಂದ 2021ರ ಒಂದು ಡೈರಿ ತಂದುಕೊಟ್ಟರು, ಹಿಂಬದಿಯ ರಟ್ಟಿನ ಮೇಲೆ ಪೆನ್ಸಿಲ್‌ನಲ್ಲಿ ಬರೆದಿತ್ತು. ಮೂರು ಮಷಿನ್‌ಗೆ ಅದೇ ಪಾಸ್‌ವರ್ಡ್ ಹಿಡಿಯಿತು. ಕರಡಿ ಯಾವುದರಲ್ಲೂ ಇಲ್ಲ.

ನಾಲ್ಕನೆಯದಕ್ಕೆ ಸಿ ಡ್ರೈವ್ ಮೇಲೆ ಬೀಗ ಕಾಣಿಸುತ್ತಿದೆ. ಅದನ್ನು ಮುಟ್ಟಿಲ್ಲ. ಅದರಲ್ಲಿ 'ಊರಿನ ಹಿರಿಯರ ಮಾತು' ಅಂತ ಒಂದು ಫೋಲ್ಡರ್ ಇದೆ, ಒಳಗೆ ಹನ್ನೊಂದು ಆಡಿಯೋ ಫೈಲ್. ಅದೃಷ್ಟಕ್ಕೆ ಸ್ಟೂಡೆಂಟ್ ಅಕೌಂಟಿನಿಂದಲೇ ತೆರೆಯುತ್ತಿವೆ. ಇವತ್ತು ಎರಡು ಪೆನ್‌ಡ್ರೈವ್‌ಗೆ ಕಾಪಿ ಮಾಡಿದೆ. ನಾಳೆ ಒಂದೊಂದನ್ನೂ ಪೂರ್ತಿ ಕೇಳಿ ನೋಡಿ, ಆಮೇಲೆ ಆ ಮಷಿನ್ ಅಳಿಸುತ್ತೇನೆ. ಲಕೋಟೆ ನಾಲ್ಕು ತಂದಿಟ್ಟಿದ್ದೇನೆ ಅಮ್ಮಾ.