ನೀಲಿ ಬಣ್ಣ ಪೂರ್ತಿ ಹೋಯ್ತು, ಕಬ್ಬಿಣ ಮಿಕ್ತು – ಲಿಮಿಟಿಂಗ್ ರಿಯೇಜೆಂಟ್ (ಮೊದ್ಲು ಖಾಲಿಯಾಗಿ ರಿಯಾಕ್ಷನ್ ನಿಲ್ಸೋದು) ಯಾವ್ದು?

ಮಂಡ್ಯ_ಹೈದ: ತಲೆ ಕೆಟ್ಟೋಗೈತೆ ಕಣ್ರಣ್ಣ. 5.6 ಗ್ರಾಂ ಕಬ್ಬಿಣದ ಪುಡಿ, 20 ಗ್ರಾಂ ಕಾಪರ್ ಸಲ್ಫೇಟ್, ಬಿಸಿನೀರು; ಕಬ್ಬಿಣ ಕರಗಿ ತಾಮ್ರ ಹೊರಗೆ ಬರೋ ಪ್ರಯೋಗ. ಲೆಕ್ಕದ ಪ್ರಕಾರ ಕಬ್ಬಿಣ ಮೊದ್ಲು ಖಾಲಿಯಾಗ್ಬೇಕು, 6.35 ಗ್ರಾಂ ತಾಮ್ರ ಬರ್ಬೇಕು, ನೀರು ಇನ್ನೂ ನೀಲಿ ಇರ್ಬೇಕು. ನೀರು ತೆಳು ಹಸಿರಾಗೋಯ್ತು. ಸೋಸಿ ಒಣಗ್ಸಿ ತೂಗಿದ್ರೆ 6.2, ಹತ್ರತ್ರ ಸರಿಯೈತೆ ಅಂದ್ಕೊಂಡು ಪೇಪರ್ ಕೆಳಗೆ ಮ್ಯಾಗ್ನೆಟ್ ಹಿಡಿದ್ರೆ ಕಪ್ಪು ಪುಡಿ ಮುಳ್ಳಿನಂಗೆ ಎದ್ದು ನಿಲ್ತದೆ!

ಮೈಸೂರು_ಬೀಕರ್: ಪುಡಿ ಮೇಲೆ ತಾಮ್ರ ಕೋಟಿಂಗ್ ಆಗಿ ಒಳಗಿನ ಕಬ್ಬಿಣಕ್ಕೆ ದ್ರಾವಣ ತಾಗಿಲ್ಲ. ಚೆನ್ನಾಗಿ ಕಲಕಿದ್ರಾ?

ಮಂಡ್ಯ_ಹೈದ: ಕೈ ನೋಯೋವರ್ಗೂ ಕಲಕಿದೀನಿ.

ಮೈಸೂರು_ಬೀಕರ್: ಸಾಲಲ್ಲ, ನನ್ನತ್ರ ಮ್ಯಾಗ್ನೆಟಿಕ್ ಸ್ಟಿರರ್ (ಒಳಗೆ ಮ್ಯಾಗ್ನೆಟ್ ಕಡ್ಡಿ ತಿರುಗಿಸಿ ಕಲಕೋ ಮೆಷಿನ್) ಇದೆ, ಹಾಟ್‌ಪ್ಲೇಟ್ ಸಮೇತ, ಅದ್ರಲ್ಲಿ ಕೋಟಿಂಗ್ ಪ್ರಾಬ್ಲಮ್ಮೇ ಬರಲ್ಲ.

ಕುವೆಂಪುನಗರ_ಕೆಮ್: ಕಬ್ಬಿಣದ ಪುಡಿಗೆ ಮ್ಯಾಗ್ನೆಟಿಕ್ ಸ್ಟಿರರ್ರಾ ಸ್ವಾಮಿ? ಪುಡಿಯೆಲ್ಲ ಹೋಗಿ ಆ ಕಡ್ಡಿಗೇ ಅಂಟ್ಕೊಳುತ್ತೆ. ಅದೂ ಅಲ್ದೆ ಕೋಟಿಂಗಿಂದ ನಿಂತಿದ್ರೆ ನೀಲಿ ಉಳೀಬೇಕಿತ್ತಲ್ವಾ, ಬಣ್ಣ ಹೋಗಿದೆ ಅಂದ್ರೆ ಖಾಲಿಯಾಗಿರೋದು ಕಾಪರ್ ಸಲ್ಫೇಟೇ.

ಮೈಸೂರು_ಬೀಕರ್: ತೂಕದ ಮೆಷಿನ್ ಅಡುಗೆಮನೇದಾಗಿದ್ರೆ ಯಾವ್ದನ್ನೂ ನಂಬಂಗಿಲ್ಲ. ನಂದು 0.01 ಗ್ರಾಂವರೆಗೂ ತೋರ್ಸುತ್ತೆ.

ಮಂಡ್ಯ_ಹೈದ: ನಂದೂ ಅದೇ ಕಣಣ್ಣ, ಮೆಷಿನ್ ವಿಷ್ಯ ಬುಡಿ.

ಕುವೆಂಪುನಗರ_ಕೆಮ್: ಕಾಪರ್ ಸಲ್ಫೇಟ್ ಎಲ್ಲಿ ತಗೊಂಡಿದ್ದು? ನೀಲಿ ಹರಳಾ, ಬಿಳಿ ಪುಡಿನಾ? ಮೋಲ್ (ಕಣಗಳ ಎಣಿಕೆ) ಲೆಕ್ಕಕ್ಕೆ 20 ಗ್ರಾಂನ ಎಷ್ಟರಿಂದ ಭಾಗಿಸಿದ್ರಿ?

ಮಂಡ್ಯ_ಹೈದ: ಗೊಬ್ಬರದಂಗಡಿ ಮೈಲುತುತ್ತ, ನೀಲಿ ಹರಳೇ. 159.6ರಿಂದ ಭಾಗ್ಸಿದೀನಿ. ಯಾಕೆ?

ಕುವೆಂಪುನಗರ_ಕೆಮ್: ಸಿಕ್ತು ನೋಡಿ. 159.6 ಗ್ರಾಂ ಅನ್ನೋದು ನೀರಿನಂಶ ಇಲ್ದಿರೋ ಬಿಳಿ ಪುಡಿಯ ಒಂದು ಮೋಲ್ ತೂಕ. ನೀಲಿ ಹರಳಲ್ಲಿ ಒಂದೊಂದು ಕಾಪರ್ ಸಲ್ಫೇಟಿಗೆ 5 ನೀರಿನ ಅಣು ಸೇರ್ಕೊಂಡಿರ್ತವೆ, ಅದ್ರದ್ದು 249.7. ಅಂದ್ರೆ 20 ಗ್ರಾಂನಲ್ಲಿ ಇರೋದು 0.08 ಮೋಲ್, 0.125 ಅಲ್ಲ. ಕಬ್ಬಿಣ 0.1. ಒಂದಕ್ಕೊಂದು ಸೇರೋದ್ರಿಂದ ಮೈಲುತುತ್ತನೇ ಲಿಮಿಟಿಂಗ್. ತಾಮ್ರ 5.1 ಗ್ರಾಂ, ಮಿಕ್ಕ ಕಬ್ಬಿಣ 1.1, ಕೂಡಿ, ನಿಮ್ಮ 6.2 ಬಂತು. ಒಟ್ಟು ತೂಕ ಒಂದನ್ನೇ ನಂಬಬೇಡಿ, ಏನು ಮಿಕ್ಕಿದೆ ಅಂತ ನೋಡಿ.

ಮೈಸೂರು_ಬೀಕರ್: ಆದ್ರೂ ಕೋಟಿಂಗ್ ಸ್ವಲ್ಪ ಇದ್ದೇ ಇರುತ್ತೆ.

ವೀಳ್ಯದೆಲೆ_ತೋಟ: ಮಧ್ಯ ಬಂದೆ, ಕ್ಷಮ್ಸಿ. ಬೋರ್ಡೋ ಅಂತ ಬೆಳೆ ರೋಗಕ್ಕೆ ಹೊಡೆಯೋ ಔಷಧಿಗೆ 100 ಲೀಟರ್ ನೀರಿಗೆ 1 ಕೆಜಿ ಮೈಲುತುತ್ತ, 1 ಕೆಜಿ ಸುಣ್ಣ ಹಾಕ್ತೀವಿ, ಕುಡುಗೋಲು ಅದ್ದಿದ್ರೆ ಒಂದೊಂದ್ಸಲ ಕೆಂಪಗಾಯ್ತದೆ. ಇದೂ ಅದೇನಾ?

ಕುವೆಂಪುನಗರ_ಕೆಮ್: ಅದೇ ಅಣ್ಣ. ಸುಣ್ಣ ಸಾಲ್ದೆ ತಾಮ್ರ ಹಂಗೇ ಮಿಕ್ಕಿದೆ, ಹೊಡೆದ್ರೆ ಎಲೆ ಸುಡುತ್ತೆ. ಹಳೇ ಸುಣ್ಣ ಗಾಳಿಗೆ ಸತ್ವ ಕಳ್ಕೊಂಡಿರುತ್ತೆ, ಅದಕ್ಕೇ ತೂಕ ಸರಿಯಿದ್ರೂ ಸಾಲಲ್ಲ. ಕುಡುಗೋಲು ಕೆಂಪಾಗೋದು ನಿಲ್ಲೋವರ್ಗೂ ಸುಣ್ಣದ ತಿಳಿ ಹಾಕ್ತಾ ಬನ್ನಿ.