ಬೆಕ್ಕಿನ ತಳಿಗಳನ್ನು ದಾಖಲಿಸುವಾಗ ಯಾವ ಸಂಸ್ಥೆಯ ಮಾನದಂಡವನ್ನು ಆಧಾರವಾಗಿಟ್ಟುಕೊಳ್ಳಬೇಕು?

ಸಂಪಿಗೆಮನೆ:

ಮಾನ್ಯರೆ,

ಸಾಕು ಬೆಕ್ಕಿನ ತಳಿಗಳನ್ನು ಪರಿಚಯಿಸುವ ಒಂದು ಕೈಪಿಡಿಯನ್ನು ಕನ್ನಡದಲ್ಲಿ ಸಿದ್ಧಪಡಿಸುವ ಕೆಲಸವನ್ನು ಕಳೆದ ವರ್ಷ ಕೈಗೆತ್ತಿಕೊಂಡೆ. ತಳಿಗೊಂದು ಪುಟದಂತೆ ಮೂಲ, ಮೈಕಟ್ಟು, ರೋಮ, ಮಾನ್ಯತೆ ಪಡೆದ ಬಣ್ಣಗಳು, ಮಾನದಂಡವನ್ನು ಗೊತ್ತುಪಡಿಸಿದ ಸಂಸ್ಥೆ, ಇಷ್ಟನ್ನು ಖಚಿತವಾಗಿ ಬರೆದರೆ ಸಾಕೆಂದು ಭಾವಿಸಿದ್ದೆ. ಹತ್ತು ಪುಟ ಮುಗಿಯುವಷ್ಟರಲ್ಲಿ ಆ ಧೈರ್ಯ ಉಳಿದಿಲ್ಲ.

ಸಯಾಮಿ ಬೆಕ್ಕನ್ನೇ ತೆಗೆದುಕೊಳ್ಳಿ. ಅಮೆರಿಕದ ಕ್ಯಾಟ್ ಫ್ಯಾನ್ಸಿಯರ್ಸ್ ಅಸೋಸಿಯೇಷನ್, ಅಂದರೆ ಸಿಎಫ್‌ಎ, ಸೀಲ್ (ಕಡುಗಂದು), ಚಾಕೊಲೇಟ್, ಬ್ಲೂ, ಲೈಲಾಕ್ (ನಸುಗುಲಾಬಿ ಛಾಯೆಯ ಬೂದು) ಎಂಬ ನಾಲ್ಕು ಬಣ್ಣಗಳಲ್ಲಿ ಒಂದಿರುವ ಬೆಕ್ಕನ್ನು ಮಾತ್ರ ಸಯಾಮಿ ಎಂದು ಒಪ್ಪುತ್ತದೆ. ಮುಖ, ಕಿವಿ, ಬಾಲಗಳು ಕೆಂಪಾಗಿದ್ದರೆ ಅಥವಾ ಪಟ್ಟೆಪಟ್ಟೆಯಾಗಿದ್ದರೆ ಅದು ಆ ಸಂಸ್ಥೆಯ ಪುಸ್ತಕದಲ್ಲಿ ಕಲರ್‌ಪಾಯಿಂಟ್ ಶಾರ್ಟ್‌ಹೇರ್ ಎಂಬ ಬೇರೆಯೇ ತಳಿ. ಅದೇ ಬೆಕ್ಕನ್ನು ದಿ ಇಂಟರ್‌ನ್ಯಾಷನಲ್ ಕ್ಯಾಟ್ ಅಸೋಸಿಯೇಷನ್, ಅಂದರೆ ಟಿಕಾ, ಸಯಾಮಿ ಎಂದೇ ಬರೆದುಕೊಳ್ಳುತ್ತದೆ. ಹಿಮಾಲಯನ್ ಬೆಕ್ಕಿನ ಕಥೆ ಇದಕ್ಕೆ ತಿರುಗುಮುರುಗು: ಸಿಎಫ್‌ಎ 1984ರಲ್ಲಿ ಅದನ್ನು ಪರ್ಷಿಯನ್ ತಳಿಯೊಳಗೆ ಸೇರಿಸಿಕೊಂಡಿತು, ಟಿಕಾ ಅದನ್ನು ಇಂದಿಗೂ ಪ್ರತ್ಯೇಕ ಹೆಸರಿನಲ್ಲಿಯೇ ಇಟ್ಟುಕೊಂಡಿದೆ. ಒಟ್ಟು ತಳಿಗಳೆಷ್ಟು ಎಂಬ ಸರಳ ಪ್ರಶ್ನೆಗೂ ಒಂದು ಕಡೆ 45ರ ಆಸುಪಾಸಿನ ಉತ್ತರ, ಇನ್ನೊಂದು ಕಡೆ 70ಕ್ಕೂ ಮೇಲ್ಪಟ್ಟ ಉತ್ತರ ಸಿಗುತ್ತದೆ.

ಹೀಗಿರುವಾಗ ಯಾವುದಾದರೂ ಒಂದು ಸಂಸ್ಥೆಯನ್ನು ಪ್ರಮಾಣವೆಂದು ಹಿಡಿದು ಉಳಿದವನ್ನು ಬಿಟ್ಟುಬಿಡುವುದೇ, ಅಥವಾ ಎಲ್ಲವನ್ನೂ ಕೊಟ್ಟು ಓದುಗರನ್ನು ಗೊಂದಲಕ್ಕೆ ದೂಡುವುದೇ? ಜೊತೆಗೆ ಬಣ್ಣಗಳ ಹೆಸರನ್ನು ಕನ್ನಡಿಸಬೇಕೇ ಎಂಬುದೂ ಇತ್ಯರ್ಥವಾಗಿಲ್ಲ. "ನೀಲಿ ಬೆಕ್ಕು" ಎಂದು ಬರೆದ ಪುಟವನ್ನು ಓದಿದ ನಮ್ಮ ಮನೆಯ ಹಿರಿಯರೊಬ್ಬರು ಬೆಕ್ಕಿಗೆ ಬಣ್ಣ ಬಳಿಯುತ್ತಾರೆಯೇ ಎಂದು ಕೇಳಿದರು. ತಿಳಿದವರು ದಾರಿ ತೋರಿಸಬೇಕಾಗಿ ವಿನಂತಿ.

ಹಳೆಯಕಡತ:

ಸಂಪಿಗೆಮನೆಯವರೆ, ಇವೆರಡೂ ಅಲ್ಲದ ಮೂರನೆಯ ದಾರಿಯಿದೆ. ಅದನ್ನು ಹೇಳುವ ಮೊದಲು ಈ ಭಿನ್ನಾಭಿಪ್ರಾಯ ಎಲ್ಲಿಂದ ಬಂತೆಂದು ನೋಡುವುದು ಒಳ್ಳೆಯದು.

ಲಂಡನ್ನಿನ ಕ್ರಿಸ್ಟಲ್ ಪ್ಯಾಲೆಸ್‌ನಲ್ಲಿ 1871ರ ಜುಲೈ 13ರಂದು ನಡೆದ ಪ್ರದರ್ಶನಕ್ಕಾಗಿ ಹ್ಯಾರಿಸನ್ ವೀರ್ ಎಂಬ ಚಿತ್ರಕಾರರು ಯಾವ ಬೆಕ್ಕಿನಲ್ಲಿ ಏನಿದ್ದರೆ ಉತ್ತಮ ಎಂಬುದಕ್ಕೆ ಅಂಕಗಳ ಪಟ್ಟಿ ಮಾಡಿದರು. ಇಂದಿನ ಮಾನದಂಡಗಳೆಲ್ಲ ಆ ಪಟ್ಟಿಯ ಮೊಮ್ಮಕ್ಕಳು. ವಂಶಾವಳಿಯನ್ನು ಬರೆದಿಡುವ ಕೆಲಸಕ್ಕೆ ಅಲ್ಲಿ 1887ರಲ್ಲಿ ನ್ಯಾಷನಲ್ ಕ್ಯಾಟ್ ಕ್ಲಬ್ ಹುಟ್ಟಿತು. ಆಮೇಲೆ ಬ್ರಿಟನ್ನಿನಲ್ಲಿ 1910ರಲ್ಲಿ ಗವರ್ನಿಂಗ್ ಕೌನ್ಸಿಲ್ ಆಫ್ ದಿ ಕ್ಯಾಟ್ ಫ್ಯಾನ್ಸಿ, ಅಂದರೆ ಜಿಸಿಸಿಎಫ್, ಅದಕ್ಕೂ ಮೊದಲೇ 1906ರಲ್ಲಿ ಅಮೆರಿಕದ ಸಿಎಫ್‌ಎ, ಯುರೋಪಿನಲ್ಲಿ 1949ರಲ್ಲಿ ಫಿಫೆ ಎಂಬ ಅಂತರರಾಷ್ಟ್ರೀಯ ಬೆಕ್ಕು ಒಕ್ಕೂಟ, ಮತ್ತೆ ಅಮೆರಿಕದಲ್ಲಿ 1979ರಲ್ಲಿ ಟಿಕಾ ಬಂದವು. ಇವುಗಳ ಮೇಲೆ ಇನ್ನೊಂದು ಹಿರಿಯ ಸಂಸ್ಥೆ ಇಲ್ಲ. ಸಸ್ಯಗಳ ಮತ್ತು ಪ್ರಾಣಿಗಳ ವೈಜ್ಞಾನಿಕ ಹೆಸರುಗಳಿಗಿರುವಂತೆ ಎಲ್ಲರೂ ಒಪ್ಪಿಕೊಂಡ ನಿಯಮಾವಳಿಯೂ ಬೆಕ್ಕಿನ ತಳಿಗಳಿಗೆ ಇಲ್ಲ. ಆದ್ದರಿಂದ "ಇದು ಒಂದು ತಳಿ" ಎಂಬ ವಾಕ್ಯ ಅಪೂರ್ಣವಾದದ್ದು. "ಇಂಥ ಸಂಸ್ಥೆಯ ಪ್ರಕಾರ, ಇಂಥ ವರ್ಷದಲ್ಲಿ" ಎಂದು ಸೇರಿಸಿದಾಗಲೇ ಅದು ಪರಿಶೀಲಿಸಬಹುದಾದ ಮಾತಾಗುತ್ತದೆ.

ನೀವು ಕೊಟ್ಟ ಸಯಾಮಿಯ ಉದಾಹರಣೆಯಲ್ಲಿ ಎರಡು ಕಡೆಯವರಿಗೂ ತಮ್ಮದೇ ತರ್ಕವಿದೆ. ಕೆಂಪು ಬಣ್ಣ ಸಯಾಮಿಗೆ ಬಂದದ್ದು ಬೇರೆ ಗಿಡ್ಡರೋಮದ ಬೆಕ್ಕುಗಳೊಂದಿಗೆ ಕೂಡಿಸಿದ್ದರಿಂದ. ಆದಕಾರಣ ಸಿಎಫ್‌ಎ ವಂಶವನ್ನು ನೋಡಿ ಅದನ್ನು ಬೇರೆಯಾಗಿಟ್ಟಿತು. ಟಿಕಾ ತನ್ನನ್ನು ಆನುವಂಶಿಕತೆಯ ಆಧಾರದ ನೋಂದಣಿ ಸಂಸ್ಥೆ ಎಂದು ಕರೆದುಕೊಳ್ಳುತ್ತದೆ, ಹಾಗಾಗಿ ಮೈಕಟ್ಟು ಒಂದೇ ಆಗಿರುವಾಗ ಬಣ್ಣಕ್ಕಾಗಿ ತಳಿಯನ್ನು ಒಡೆಯಲು ಅದು ಒಪ್ಪುವುದಿಲ್ಲ. ನನ್ನ ಒಲವು ಟಿಕಾದ ಕಡೆಗಿದೆ, ಆದರೆ ಕೈಪಿಡಿಯಲ್ಲಿ ನಮ್ಮ ಒಲವಿಗೆ ಜಾಗವಿಲ್ಲ.

ಮಾನದಂಡವನ್ನು ಓದುವಾಗ ವಿವರಣೆಗಿಂತ ಮೊದಲು ಅಂಕಗಳ ಹಂಚಿಕೆಯನ್ನು ನೋಡಿ. ಸಿಎಫ್‌ಎ ಸಯಾಮಿಗೆ ನೂರರಲ್ಲಿ ತಲೆಗೆ 20, ಕಣ್ಣಿಗೆ 10, ದೇಹಕ್ಕೆ 30, ರೋಮಕ್ಕೆ 10, ಬಣ್ಣಕ್ಕೆ 30 ಎಂದು ಹಂಚುತ್ತದೆ. ಪರ್ಷಿಯನ್ನಿನಲ್ಲಿ ತಲೆಯೊಂದಕ್ಕೇ 30 ಅಂಕಗಳಿದ್ದು ಮೈಕಟ್ಟಿಗೆ ಇರುವುದು 20. ಸಯಾಮಿಯ ಉದ್ದನೆಯ, ಬಿಗಿಯಾದ ಕೊಳವೆಯಂಥ ದೇಹ ಮತ್ತು ಪರ್ಷಿಯನ್ನಿನ ದುಂಡು ಮುಖ, ಇವೆರಡರಲ್ಲಿ ತಳಿಗಾರರು ದಶಕಗಳ ಕಾಲ ಯಾವುದನ್ನು ಬೆನ್ನಟ್ಟಿದರು ಎಂಬುದು ಈ ಅಂಕಿಗಳಲ್ಲಿಯೇ ಇದೆ. ಅನರ್ಹತೆಯ ಪಟ್ಟಿಯೂ ಅಷ್ಟೇ ಮುಖ್ಯ. ಹಿಂದೆ ಸಯಾಮಿಗಳಲ್ಲಿ ಗಂಟುಬಾಲ ಸಾಮಾನ್ಯವಾಗಿತ್ತು. ಇಂದು ಬಾಲದಲ್ಲಿ ಗಂಟು ಕಂಡರೆ, ಅಥವಾ ಕಣ್ಣು ನೀಲಿಯಲ್ಲದಿದ್ದರೆ, ಬೆಕ್ಕು ಅನರ್ಹವಾಗುತ್ತದೆ.

ಇನ್ನು ವರ್ಷದ ವಿಷಯ. ಬರ್ಮೀಸ್ ತಳಿಯನ್ನು ಒಪ್ಪಿಕೊಂಡಿದ್ದ ಸಿಎಫ್‌ಎ, ಸಯಾಮಿಯೊಂದಿಗಿನ ಬೆರಕೆ ಮಿತಿಮೀರಿತೆಂದು 1947ರಲ್ಲಿ ಅದರ ನೋಂದಣಿಯನ್ನೇ ನಿಲ್ಲಿಸಿ, ಕೆಲವು ವರ್ಷಗಳ ನಂತರ ಮತ್ತೆ ಆರಂಭಿಸಿತು. 1950ರಲ್ಲಿ ಅಚ್ಚಾದ ಪುಸ್ತಕವನ್ನು ನೋಡಿದವರಿಗೂ ಇಂದಿನ ಪಟ್ಟಿಯನ್ನು ನೋಡಿದವರಿಗೂ ಬೇರೆ ಬೇರೆ ಉತ್ತರ ಸಿಗುವುದು ಸಹಜ. ಪ್ರತಿ ಪುಟದಲ್ಲಿ ಸಂಸ್ಥೆ, ಆ ಸಂಸ್ಥೆ ಬಳಸುವ ಹೆಸರು, ಮಾನ್ಯತೆಯ ಹಂತ ಮತ್ತು ಮಾನದಂಡ ಪರಿಷ್ಕರಣೆಯಾದ ದಿನಾಂಕ, ಈ ನಾಲ್ಕು ಅಂಕಣಗಳನ್ನು ಇಟ್ಟರೆ ನಿಮ್ಮ ಗೊಂದಲದ ಮುಕ್ಕಾಲು ಪಾಲು ಕರಗುತ್ತದೆ.

ಪಶುವೈದ್ಯೆ:

ಮೇಲಿನವರು ಹೇಳಿದ ನಾಲ್ಕು ಅಂಕಣಗಳ ಪಕ್ಕದಲ್ಲಿ ಐದನೆಯದಾಗಿ ಆರೋಗ್ಯದ ಅಂಕಣ ಇರಲೇಬೇಕೆಂದು ನನ್ನ ಒತ್ತಾಯ. ಪರ್ಷಿಯನ್ನಿನ ನೂರು ಅಂಕಗಳಲ್ಲಿ ಮೂತ್ರಪಿಂಡಕ್ಕೆ ಒಂದೂ ಇಲ್ಲ, ಏಕೆಂದರೆ ತೀರ್ಪುಗಾರರ ಮೇಜಿನ ಮೇಲೆ ಅದು ಕಾಣಿಸುವುದಿಲ್ಲ. ಈ ತಳಿಯಲ್ಲಿ ಮೂತ್ರಪಿಂಡದ ತುಂಬ ನೀರುಗುಳ್ಳೆಗಳು ಬೆಳೆಯುವ ಆನುವಂಶಿಕ ಕಾಯಿಲೆಯಿದೆ. ಅದಕ್ಕೆ ಕಾರಣವಾದ ವಂಶವಾಹಿಯ ದೋಷವನ್ನು 2004ರಲ್ಲಿ ಗುರುತಿಸಲಾಯಿತು. ತಂದೆ ಅಥವಾ ತಾಯಿ, ಯಾರಾದರೊಬ್ಬರಿಂದ ಬಂದರೂ ಕಾಯಿಲೆ ತಪ್ಪುವುದಿಲ್ಲ. ಕೆನ್ನೆಯ ಒಳಭಾಗದಿಂದ ಹತ್ತಿಯ ಕಡ್ಡಿಯಲ್ಲಿ ತೆಗೆದ ಮಾದರಿಯಿಂದಲೇ ಪರೀಕ್ಷೆ ಮಾಡಬಹುದಾದ್ದರಿಂದ, ವಂಶಾವಳಿ ಪತ್ರ ತೋರಿಸುವವರನ್ನು ಈ ಪರೀಕ್ಷೆಯ ವರದಿಯನ್ನೂ ಕೇಳಬೇಕೆಂದು ಕೈಪಿಡಿಯಲ್ಲಿ ದಯವಿಟ್ಟು ಬರೆಯಿರಿ.

ಸ್ಕಾಟಿಷ್ ಫೋಲ್ಡ್ ಇದಕ್ಕಿಂತ ಕಠಿಣವಾದ ಪ್ರಕರಣ. 1961ರಲ್ಲಿ ಸ್ಕಾಟ್‌ಲೆಂಡಿನ ಕೂಪರ್ ಆಂಗಸ್ ಬಳಿಯ ಒಂದು ತೋಟದಲ್ಲಿ ಕಂಡ ಸೂಸಿ ಎಂಬ ಬಿಳಿ ಬೆಕ್ಕಿನಿಂದ ಈ ತಳಿ ಬಂತು. ಆದರೂ ತನ್ನ ತಾಯ್ನೆಲದ ಜಿಸಿಸಿಎಫ್‌ನಲ್ಲಿಯೇ ಅದಕ್ಕೆ ನೋಂದಣಿ ಇಲ್ಲ. 1970ರ ದಶಕದ ಆರಂಭದಲ್ಲಿಯೇ ನಿಲ್ಲಿಸಿದರು. ಫಿಫೆಯೂ ಒಪ್ಪುವುದಿಲ್ಲ. ಸಿಎಫ್‌ಎ ಮತ್ತು ಟಿಕಾ ಒಪ್ಪುತ್ತವೆ. ಕಿವಿಯನ್ನು ಮಡಚುವ ದೋಷವೇ ದೇಹದ ಉಳಿದೆಡೆಯ ಮೃದ್ವಸ್ಥಿಯನ್ನೂ ಕೆಡಿಸುತ್ತದೆ ಎಂಬುದು ಇದಕ್ಕೆ ಕಾರಣ, ಮತ್ತು ಆ ವಂಶವಾಹಿಯೂ 2016ರಲ್ಲಿ ಗೊತ್ತಾಗಿದೆ. ನನ್ನ ಬಳಿ ಬಂದಿದ್ದ ಎರಡು ವರ್ಷದ ಫೋಲ್ಡ್ ಒಂದರ ಬಾಲವನ್ನು ಮೆಲ್ಲನೆ ಎತ್ತಿದಾಗ ಅದು ಬಳುಕಲಿಲ್ಲ, ಬುಡದಿಂದ ಕೋಲಿನಂತೆ ಒಟ್ಟಾಗಿ ಮೇಲೆದ್ದಿತು. "ಇದು ತುಂಬಾ ಸಾಧು, ಜಿಗಿಯುವುದೇ ಇಲ್ಲ" ಎಂದು ಮನೆಯವರು ಮೆಚ್ಚಿಕೊಂಡು ಹೇಳುತ್ತಿದ್ದರು. ಹಿಂಗಾಲಿನ ಎಕ್ಸ್‌ರೇ ತೆಗೆದು ತೋರಿಸುವವರೆಗೂ ಅದು ನೋವಿನಿಂದ ಜಿಗಿಯುತ್ತಿಲ್ಲ ಎಂದು ಅವರಿಗೆ ಹೊಳೆದಿರಲಿಲ್ಲ.

ಕೊನೆಯದಾಗಿ, ನಮ್ಮ ಪೇಟೆಯ ಭಾಷೆಯನ್ನು ಮಾನದಂಡದ ಭಾಷೆಯೊಂದಿಗೆ ಬೆರೆಸಬೇಡಿ. ಡಾಲ್ ಫೇಸ್, ಸೆಮಿ ಪಂಚ್, ಪಂಚ್ ಫೇಸ್, ಟ್ರಿಪಲ್ ಕೋಟ್ ಎಂಬವು ಮಾರಾಟಗಾರರು ಬೆಲೆ ಹೇಳಲು ಬಳಸುವ ಮಾತುಗಳು. ಪರ್ಷಿಯನ್ ಎಂದು ಹೇಳಿ ನನ್ನ ಮೇಜಿನ ಮೇಲೆ ಇಳಿಸಿದ ಬೆಕ್ಕುಗಳಲ್ಲಿ ವಂಶಾವಳಿ ಪತ್ರ ಇದ್ದವು ಬೆರಳೆಣಿಕೆಯಷ್ಟು. ಉಳಿದವನ್ನು ನಾನು "ಉದ್ದರೋಮದ ಸಾಕು ಬೆಕ್ಕು" ಎಂದು ಬರೆದುಕೊಳ್ಳುತ್ತೇನೆ. ಕೆಲವರಿಗೆ ಅದರಿಂದ ಬೇಸರವಾಗುತ್ತದೆ.

ಕೊತ್ತಿಪುರಾಣ:

ಒಂದು ಸಣ್ಣ ಎಚ್ಚರಿಕೆ: ತಳಿಯ ಹೆಸರನ್ನು ನಂಬಿ ಮೂಲವನ್ನು ಬರೆಯಬೇಡಿ. ಬಾಂಬೆ ಎಂಬ ತಳಿಗೂ ಮುಂಬೈಗೂ ಹುಟ್ಟಿನ ಸಂಬಂಧವಿಲ್ಲ. ಅಮೆರಿಕದ ಕೆಂಟಕಿ ರಾಜ್ಯದ ಲೂಯಿವಿಲ್‌ನಲ್ಲಿ ನಿಕ್ಕಿ ಹಾರ್ನರ್ ಎಂಬ ತಳಿಗಾರ್ತಿ 1958ರಿಂದ ಕಂದು ಬರ್ಮೀಸ್ ಮತ್ತು ಕಪ್ಪು ಅಮೆರಿಕನ್ ಶಾರ್ಟ್‌ಹೇರ್ ಬೆಕ್ಕುಗಳನ್ನು ಕೂಡಿಸಿ ಅದನ್ನು ರೂಪಿಸಿದರು. ಭಾರತದ ಕರಿಚಿರತೆಯ ಪುಟ್ಟ ಪ್ರತಿರೂಪದಂತೆ ಕಾಣಲೆಂಬ ಆಸೆಯಿಂದ ಆ ಹೆಸರನ್ನಿಟ್ಟರು. ಕಬಿನಿಯ ಕಾಡಿನಲ್ಲಿ ಕರಿಚಿರತೆಯನ್ನು ನೋಡಿದವರಿಗೆ ಹೋಲಿಕೆ ಎಷ್ಟು ನಿಜವೆಂದು ಗೊತ್ತಾದೀತು. ಹಿಮಾಲಯನ್ ಎಂಬ ಹೆಸರು ಬಂದದ್ದು ಅದೇ ಬಗೆಯ ಬಣ್ಣವಿರುವ ಹಿಮಾಲಯನ್ ಮೊಲದಿಂದ. ಬೆಕ್ಕು ಪರ್ಷಿಯನ್ ಮತ್ತು ಸಯಾಮಿಗಳ ಸಂಕರ.

ಅಬಿಸೀನಿಯನ್ನಿನದು ಇದಕ್ಕೆ ವಿರುದ್ಧವಾದ ಕಥೆ. ಹೆಸರು ಇಥಿಯೋಪಿಯದ ಹಳೆಯ ಹೆಸರೇ ಆದರೂ, ನೆದರ್ಲೆಂಡ್ಸಿನ ಲೈಡನ್ ವಸ್ತುಸಂಗ್ರಹಾಲಯಕ್ಕೆ 1830ರ ದಶಕದಲ್ಲಿ ಬಂದ, ಇದೇ ಬಗೆಯ ಒಂದು ಒಣಗಿಸಿ ತುಂಬಿಟ್ಟ ಬೆಕ್ಕಿನ ಚೀಟಿಯಲ್ಲಿ ಭಾರತದ ಸಾಕು ಬೆಕ್ಕು ಎಂಬ ಅರ್ಥದ ಮಾತಿದೆ. ಆ ತಳಿಯ ಗುರುತಾದ ರೋಮ, ಎಂದರೆ ಒಂದೊಂದು ಕೂದಲಿನಲ್ಲೂ ತಿಳಿ ಮತ್ತು ಗಾಢ ಬಣ್ಣದ ಪಟ್ಟಿಗಳಿದ್ದು ದೂರದಿಂದ ಕಾಡುಮೊಲದಂತೆ ಕಾಣುವ ರೋಮ, ನಮ್ಮ ಊರುಗಳ ಬೆಕ್ಕುಗಳಲ್ಲಿಯೂ ಇದೆ. ನಮ್ಮ ಹಿತ್ತಿಲಿನ ಕೊತ್ತಿಯೊಂದನ್ನು ಬಿಸಿಲಿನಲ್ಲಿ ಹಿಡಿದು ಬೆನ್ನಿನ ಕೂದಲನ್ನು ಹಿಮ್ಮುಖವಾಗಿ ಸವರಿದರೆ ಆ ಪಟ್ಟಿಗಳು ಸ್ಪಷ್ಟವಾಗಿ ಕಾಣುತ್ತವೆ. ಹಾಗೆಂದು ಅದು ಅಬಿಸೀನಿಯನ್ ಆಗುವುದಿಲ್ಲ, ಏಕೆಂದರೆ ಅದರ ತಾತ ಮುತ್ತಾತಂದಿರನ್ನು ಯಾರೂ ಬರೆದಿಟ್ಟಿಲ್ಲ.

ಬೆಂಗಾಲ್ ತಳಿಯ ಪುಟದಲ್ಲಿಯೂ ಒಂದು ಸಾಲು ಹೆಚ್ಚಿಗೆ ಬೇಕು. ಅದರ ಮೂಲದಲ್ಲಿರುವ ಚಿರತೆ ಬೆಕ್ಕು ನಮ್ಮ ಪಶ್ಚಿಮಘಟ್ಟದ ಕಾಡುಗಳಲ್ಲಿಯೂ ಇದ್ದು, 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲನೆಯ ಅನುಸೂಚಿಯಲ್ಲಿದೆ. ಪ್ರದರ್ಶನಕ್ಕೆ ಬರುವ ಬೆಂಗಾಲ್ ಕಾಡಿನ ಪೂರ್ವಜನಿಂದ ಕನಿಷ್ಠ ನಾಲ್ಕು ತಲೆಮಾರು ದೂರದ್ದು. ಕಾಡಿನ ಅಂಚಿನಲ್ಲಿ ಸಿಕ್ಕ ಚುಕ್ಕೆ ಮರಿಯನ್ನು ಬೆಂಗಾಲ್ ಎಂದುಕೊಂಡು ಮನೆಗೆ ತಂದರೆ ಅದು ಅಪರಾಧವಾಗುತ್ತದೆ.

ಸಂಪಿಗೆಮನೆ:

ಮೂವರಿಗೂ ಕೃತಜ್ಞತೆಗಳು. ನಿಮ್ಮ ಸಲಹೆಯಂತೆ ಮೊದಲ ಪುಟವನ್ನು ತಿದ್ದಿ ಬರೆದಿದ್ದೇನೆ, ತಪ್ಪಿದ್ದರೆ ತಿಳಿಸಿ.

"ಸಯಾಮಿ. ಮೂಲ: ಇಂದಿನ ಥಾಯ್ಲೆಂಡ್, 1884ರಲ್ಲಿ ಬ್ಯಾಂಕಾಕಿನ ಬ್ರಿಟಿಷ್ ರಾಜತಾಂತ್ರಿಕ ಎಡ್ವರ್ಡ್ ಗೂಲ್ಡ್ ತಮ್ಮ ಸಹೋದರಿಗೆ ತಂದುಕೊಟ್ಟ ಜೋಡಿಯಿಂದ ಬ್ರಿಟನ್ನಿನಲ್ಲಿ ತಳಿ ಬೆಳೆಯತೊಡಗಿತು. ಬಣ್ಣ: ಮೈ ತಿಳಿಯಾಗಿದ್ದು ಮುಖ, ಕಿವಿ, ಪಾದ, ಬಾಲಗಳು ಗಾಢವಾಗಿರುತ್ತವೆ, ಬಣ್ಣವನ್ನು ತಯಾರಿಸುವ ಕಿಣ್ವ ದೇಹದ ತಂಪಾದ ಭಾಗಗಳಲ್ಲಿ ಮಾತ್ರ ಸರಿಯಾಗಿ ಕೆಲಸ ಮಾಡುವುದರಿಂದ ಮರಿಗಳು ಹುಟ್ಟುವಾಗ ಬಹುಮಟ್ಟಿಗೆ ಬಿಳಿಯಾಗಿರುತ್ತವೆ. ಸಿಎಫ್‌ಎ: ನಾಲ್ಕು ಬಣ್ಣಗಳಿಗೆ ಮಾನ್ಯತೆ, ಉಳಿದವು ಕಲರ್‌ಪಾಯಿಂಟ್ ಶಾರ್ಟ್‌ಹೇರ್ ಹೆಸರಿನಲ್ಲಿ. ಟಿಕಾ: ಕೆಂಪು, ಪಟ್ಟೆ ಇತ್ಯಾದಿ ಬಣ್ಣಗಳಿಗೂ ಸಯಾಮಿ ಹೆಸರಿನಲ್ಲಿಯೇ ಮಾನ್ಯತೆ."

ಪರಿಷ್ಕರಣೆಯ ದಿನಾಂಕವನ್ನು ಅಚ್ಚಿಗೆ ಹೋಗುವ ವಾರ ನೋಡಿ ತುಂಬುತ್ತೇನೆ. ಆರೋಗ್ಯದ ಅಂಕಣವನ್ನು ಪಶುವೈದ್ಯೆಯವರು ಒಮ್ಮೆ ನೋಡಿಕೊಟ್ಟರೆ ಉಪಕಾರವಾಗುತ್ತದೆ. ಬಣ್ಣದ ಹೆಸರಿನ ಪ್ರಶ್ನೆ ಮಾತ್ರ ಹಾಗೆಯೇ ಉಳಿದಿದೆ.

ಹಳೆಯಕಡತ:

ಪುಟ ಚೆನ್ನಾಗಿದೆ. ಬಣ್ಣದ ವಿಷಯದಲ್ಲಿ ಹೆಸರನ್ನೂ ವರ್ಣನೆಯನ್ನೂ ಬೇರ್ಪಡಿಸಿ. ರಷ್ಯನ್ ಬ್ಲೂ, ಬ್ಲೂ ಪಾಯಿಂಟ್ ಎಂಬವು ಹೆಸರುಗಳಾದ್ದರಿಂದ ಹಾಗೆಯೇ ಇರಲಿ. ವರ್ಣನೆಯಲ್ಲಿ "ಬೂದು" ಎಂದು ಬರೆಯಿರಿ, ಏಕೆಂದರೆ ಕಪ್ಪು ಬಣ್ಣವೇ ತೆಳುವಾದಾಗ ಬರುವ ಆ ಛಾಯೆಯನ್ನು ಕನ್ನಡದಲ್ಲಿ ಯಾರೂ ನೀಲಿ ಎನ್ನುವುದಿಲ್ಲ. ಸಾಧ್ಯವಾದರೆ ಫಿಫೆಯ ಸಂಕೇತಾಕ್ಷರಗಳನ್ನೂ ಪಕ್ಕದಲ್ಲಿ ಕೊಡಿ. ಅದರಲ್ಲಿ ತಳಿಗೆ ಮೂರು ಅಕ್ಷರ, ಬಣ್ಣಕ್ಕೆ ಒಂದು ಅಕ್ಷರ, ಕಣ್ಣು ಮತ್ತು ಪಟ್ಟೆಗಳ ವಿನ್ಯಾಸಕ್ಕೆ ಅಂಕಿಗಳಿವೆ: ಬೂದು ಪರ್ಷಿಯನ್ "ಪಿಇಆರ್ ಎ" ಆದರೆ, ಎರಡು ಕಣ್ಣಿಗೆ ಎರಡು ಬಣ್ಣವಿರುವ ಬಿಳಿ ಪರ್ಷಿಯನ್ "ಪಿಇಆರ್ ಡಬ್ಲ್ಯು 63". ನಿಮ್ಮ ಮನೆಯ ಹಿರಿಯರಿಗೆ ಈ ಅಕ್ಷರಗಳು ಬೇಕಾಗಲಿಕ್ಕಿಲ್ಲ, ಆದರೆ ಬೇರೆ ಭಾಷೆಯ ಪಟ್ಟಿಯೊಂದಿಗೆ ನಿಮ್ಮ ಪುಟವನ್ನು ತಾಳೆ ನೋಡುವವರಿಗೆ ಬೇಕಾಗುತ್ತವೆ.